ಹಿಂದಿನ ಹೌಸಿಂಗ್: ಒಂದೇ ವರ್ಷದಲ್ಲಿ ಮೂರನೇ ಸಲ ಆಯಿಲ್ ಸೀಲ್ ಹೋಯ್ತು, ಯಾಕೆ?

ತೀರ್ಥಹಳ್ಳಿ ಲಾರಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2003ರ ಮಾಡೆಲ್ ಮಿನಿ ಲಾರಿ ಇದೆ. ಯಾವ ಕಂಪನಿ ಅಂತ ಬೇಡ. ಇಷ್ಟು ಹಳೇದಾದ ಮೇಲೆ ಕಂಪನಿಗಿಂತ ನಮ್ಮ ಕೈಗುಣವೇ ಜಾಸ್ತಿ. ಅಡಿಕೆ, ಗೊಬ್ಬರ, ಜಲ್ಲಿ, ಸಿಕ್ಕಿದ್ದೆಲ್ಲ ಹೊಡೆಯುತ್ತೇನೆ.

ಸಮಸ್ಯೆ ಇಷ್ಟು. ಹಿಂದಿನ ಹೌಸಿಂಗಿನಿಂದ, ಅಂದರೆ ಎರಡು ಹಿಂಚಕ್ರಗಳ ನಡುವೆ ಆಕ್ಸಲ್, ಗೇರು ಇರುವ ಕಬ್ಬಿಣದ ಡಬ್ಬಿಯಿಂದ, ಎಡಗಡೆ ಚಕ್ರದ ಬ್ರೇಕ್ ಡ್ರಮ್ಮಿಗೆ ಗೇರ್ ಆಯಿಲ್ ಬರುತ್ತಿದೆ. ಸೀಲ್ ಹಾಕಿಸಿದರೆ ಮೂರು ತಿಂಗಳು ಸರಿ, ಆಮೇಲೆ ಮತ್ತೆ ಅದೇ. ಬ್ರೇಕ್ ಲೈನರ್ ಎಣ್ಣೆ ಕುಡಿದು ಕೂತಿರುತ್ತೆ. ಹೋದ ವಾರ ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ತುಳಿದರೆ ಗಾಡಿ ಬಲಕ್ಕೆ ಎಳೆಯಿತು. ಜೀವ ಬಾಯಿಗೆ ಬಂದಿತ್ತು ಮಾರಾಯ್ರೆ.

ಗ್ಯಾರೇಜಿನವರು ಮೊದಲ ಸಲ ಸೀಲ್ ಡೂಪ್ಲಿಕೇಟ್ ಅಂದರು. ಎರಡನೇ ಸಲ ಒರಿಜಿನಲ್ಲೇ ತಂದು ಕೊಟ್ಟೆ. ಅದೂ ಹೋಯ್ತು. ಮೂರನೇ ಸಲ ಹಬ್ ಬೇರಿಂಗ್ ಲೂಸ್ ಅಂದರು, ಅದನ್ನೂ ಟೈಟ್ ಮಾಡಿದರು. ಈಗ ಹೌಸಿಂಗ್ ನಡುವಿನ ದೊಡ್ಡ ಹಲ್ಲುಚಕ್ರ ಇದೆಯಲ್ಲ, ಕ್ರೌನ್, ಅದರ ಮುಂದೆ ಅದನ್ನು ತಿರುಗಿಸುವ ಪಿನಿಯನ್ನಿನ ಸೀಲ್ ಹತ್ತಿರವೂ ಒದ್ದೆ ಕಾಣುತ್ತಿದೆ. ಮುಂದೇನು ಬಿಚ್ಚಿಸಲಿ?

ಹಳೇ ಸ್ಪಾನರ್

ಏನೂ ಬಿಚ್ಚಿಸಬೇಡಿ. ಮೊದಲು ಬ್ರೀದರ್ ನೋಡಿದ್ರಾ?

ಒಂದು ಸೀಲ್ ಹೋದರೆ ಸೀಲಿನ ತಪ್ಪು ಅನ್ನಬಹುದು. ಚಕ್ರದ ಕಡೆಯೂ ಪಿನಿಯನ್ ಕಡೆಯೂ ಒಟ್ಟಿಗೆ ಒದ್ದೆ ಆಗುತ್ತಿದೆ ಅಂದರೆ ಒಳಗಿಂದ ಏನೋ ತಳ್ಳುತ್ತಿದೆ ಅಂತ ಅರ್ಥ. ಮೂವತ್ತು ಕಿಲೋಮೀಟರ್ ಲೋಡ್ ಮೇಲೆ ಓಡಿಸಿ ಬನ್ನಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ಆರುವ ಮೊದಲೇ ಹೌಸಿಂಗಿಗೆ ಎಣ್ಣೆ ತುಂಬುವ ಪ್ಲಗ್ಗನ್ನು ನಿಧಾನಕ್ಕೆ ಸಡಿಲ ಮಾಡಿ. ಕೈಗೆ ದಪ್ಪ ಬಟ್ಟೆ ಇರಲಿ, ಮುಖ ಪಕ್ಕಕ್ಕೆ ಇರಲಿ. ಕುಕ್ಕರ್ ಸೀಟಿ ಎತ್ತಿದ ಹಾಗೆ ‘ಉಸ್’ ಅಂತ ಬಂದರೆ ನಿಮ್ಮ ಬ್ರೀದರ್ ಕಟ್ಟಿಕೊಂಡಿದೆ.

ತೀರ್ಥಹಳ್ಳಿ ಲಾರಿ

ಅಣ್ಣ, ಬ್ರೀದರ್ ಅಂದರೆ ಎಂಜಿನ್ನಿಗೆ ಇರುತ್ತಲ್ಲ, ಅದಾ? ಹೌಸಿಂಗಿಗೂ ಇರುತ್ತಾ? ಇಪ್ಪತ್ತು ವರ್ಷದಿಂದ ಗಾಡಿ ಇಟ್ಟುಕೊಂಡಿದ್ದೇನೆ, ಯಾರೂ ಹೇಳಿಲ್ಲ.

ಹಳೇ ಸ್ಪಾನರ್

ಇರುತ್ತೆ. ಒಳಗಿನ ಗಾಳಿ ಬಿಸಿಗೆ ಹಿಗ್ಗಿದಾಗ ಹೊರಗೆ ಬಿಟ್ಟು, ತಣ್ಣಗಾದಾಗ ಒಳಗೆ ತಗೊಳ್ಳುವ ಸಣ್ಣ ಬಾಯಿ ಅದು. ಹೌಸಿಂಗ್ ಮೇಲ್ಗಡೆ, ಕ್ರೌನ್ ಇರುವ ಉಬ್ಬಿನಿಂದ ಸ್ವಲ್ಪ ಪಕ್ಕಕ್ಕೆ, ಕಿರುಬೆರಳಿನ ಗಾತ್ರದ ಒಂದು ನಿಪ್ಪಲ್. ಕ್ರೌನ್ ಎಣ್ಣೆ ಎರಚುತ್ತೆ ಅಂತಲೇ ಅದನ್ನು ಪಕ್ಕಕ್ಕೆ ಇಟ್ಟಿರುತ್ತಾರೆ. ಹಳೇ ಗಾಡಿಗಳಲ್ಲಿ ಅದರ ತಲೆ ಮೇಲೆ ಸಣ್ಣ ತಗಡಿನ ಟೋಪಿ ಇರುತ್ತೆ. ಬೆರಳಲ್ಲಿ ಮುಟ್ಟಿದರೆ ಟೋಪಿ ಲೊಡಲೊಡ ಅಲ್ಲಾಡಬೇಕು. ಅಲ್ಲಾಡಿದರೆ ಸರಿ ಇದೆ, ಅಲ್ಲಾಡದಿದ್ದರೆ ಹೋಗಿದೆ. ಕೆಲವು ಗಾಡಿಗಳಲ್ಲಿ ನಿಪ್ಪಲ್ಲಿಗೆ ರಬ್ಬರ್ ಪೈಪ್ ಹಾಕಿ ಚಾಸಿಸ್ ಮೇಲಕ್ಕೆ ಒಯ್ದಿರುತ್ತಾರೆ.

ಘಾಟಿ ಡ್ರೈವರ್

ಸುಮ್ನೆ ಹೆದರಿಸಬೇಡಿ ಸ್ವಾಮಿ. ಮೂವತ್ತು ವರ್ಷ ಲಾರಿ ಓಡಿಸಿದ್ದೇನೆ, ಹೌಸಿಂಗ್ ಬ್ರೀದರ್ ಮುಖವನ್ನೇ ನೋಡಿಲ್ಲ. ಸೀಲ್ ಅನ್ನೋದು ಸವೆಯುವ ಸಾಮಾನು, ಸವೆಯುತ್ತೆ, ಹಾಕಬೇಕು. ಅಂಗೈ ಅಗಲದ ಗಾಳಿ ಅಷ್ಟು ದೊಡ್ಡ ಕಬ್ಬಿಣದ ಸೀಲನ್ನು ತಳ್ಳುತ್ತಾ?

ಐಟಿಐ ಮೇಷ್ಟ್ರು

ಘಾಟಿ ಅಣ್ಣನವರ ಪ್ರಶ್ನೆ ಒಳ್ಳೆಯದೇ. ಲೆಕ್ಕ ಹಾಕೋಣ.

ಬೆಳಿಗ್ಗೆ ಹೌಸಿಂಗ್ 25 ಡಿಗ್ರಿ ಇದೆ ಅಂದುಕೊಳ್ಳಿ. ಲೋಡ್ ಹಾಕಿ ಘಾಟಿ ಹತ್ತಿದರೆ ಎಣ್ಣೆ 85 ಡಿಗ್ರಿಗೆ ಹೋಗುವುದು ದೊಡ್ಡ ವಿಷಯವಲ್ಲ. ಬಾಯಿ ಕಟ್ಟಿದ ಡಬ್ಬಿಯೊಳಗಿನ ಗಾಳಿ ಇಷ್ಟು ಬಿಸಿಯಾದರೆ ಅದರ ಒತ್ತಡ ಸುಮಾರು ಐದನೇ ಒಂದು ಭಾಗ ಏರುತ್ತೆ. ಅಂದರೆ ಹೆಚ್ಚುಕಡಿಮೆ 3 ಪಿಎಸ್‌ಐ. ಟೈರಿಗೆ ಇದು ಏನೂ ಅಲ್ಲ, ನಿಜ. ಆದರೆ ಆಯಿಲ್ ಸೀಲ್ ಒತ್ತಡ ತಡೆಯಲಿಕ್ಕೆ ಮಾಡಿದ್ದಲ್ಲ. ಹೊರಗೆ ಕಬ್ಬಿಣದ ಬಳೆ ಇದ್ದರೂ ಕೆಲಸ ಮಾಡುವುದು ಒಳಗಿನ ರಬ್ಬರ್ ತುಟಿ. ಸಣ್ಣ ಸ್ಪ್ರಿಂಗ್ ಅದನ್ನು ಶಾಫ್ಟಿಗೆ ಒತ್ತಿ ಹಿಡಿದಿರುತ್ತೆ. ಚಿಮ್ಮುವ ಎಣ್ಣೆಯನ್ನು ಒರೆಸಿ ಒಳಗೆ ಇಡುವುದಷ್ಟೇ ಅದರ ಕೆಲಸ. ಹಳೇ ತುಟಿಗೆ 3 ಪಿಎಸ್‌ಐ ಜಾಸ್ತಿಯೇ ಆಯ್ತು. ಗಾಳಿ ಹೊರಗೆ ಹೋಗುವಾಗ ಎಣ್ಣೆಯನ್ನೂ ಕರೆದುಕೊಂಡು ಹೋಗುತ್ತೆ.

ಇನ್ನೊಂದು ಕಡೆ ಇದೆ, ಅದು ಇದಕ್ಕಿಂತ ಕೆಟ್ಟದ್ದು. ಬಿಸಿ ಇದ್ದಾಗ ಸೀಲ್ ಸಂದಿಯಲ್ಲಿ ಗಾಳಿ ಹೊರಗೆ ಹೋಯ್ತಲ್ಲ, ತಣ್ಣಗಾದಾಗ ಒಳಗೆ ಅಷ್ಟು ಗಾಳಿ ಕಡಿಮೆ. ಹೌಸಿಂಗಿನಲ್ಲಿ ಎಣ್ಣೆ ಬಿಟ್ಟು 4 ಲೀಟರ್ ಗಾಳಿ ಇದ್ದರೆ, 85ರಿಂದ 25ಕ್ಕೆ ಇಳಿಯುವಾಗ ಅದು ಮುಕ್ಕಾಲು ಲೀಟರಿಗೆ ಹತ್ತಿರ ಕುಗ್ಗುತ್ತೆ. ಆ ಜಾಗ ತುಂಬಲು ಹೊರಗಿಂದ ಏನಾದರೂ ಒಳಗೆ ಬರಲೇಬೇಕು. ಹೊರಗೆ ಗಾಳಿ ಇದ್ದರೆ ಗಾಳಿ ಬರುತ್ತೆ. ಹೊರಗೆ ನೀರಿದ್ದರೆ?

ತೀರ್ಥಹಳ್ಳಿಯವರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಾಡಿ ಎಲ್ಲಿ ತೊಳೆಯುತ್ತೀರಿ?

ತೀರ್ಥಹಳ್ಳಿ ಲಾರಿ

ಹೊಳೆಯಲ್ಲಿ ಸರ್. ಬಾಡಿಗೆ ಮುಗಿಸಿ ಬರುವಾಗ ದಾರಿಯಲ್ಲೇ ಇಳಿಸುತ್ತೇವೆ. ನೀರು ಹಬ್ಬಿನವರೆಗೆ ಬರುತ್ತೆ. ಬಕೆಟ್ ಎತ್ತುವ ಕೆಲಸ ಇಲ್ಲ ಅಂತ ಅಷ್ಟೇ.

ಐಟಿಐ ಮೇಷ್ಟ್ರು

ನಾನು ಅಂದುಕೊಂಡಿದ್ದೂ ಅದನ್ನೇ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿಯುತ್ತೆ, ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಬಾಯಿ ಕಟ್ಟಿದೆ. ಸೀಲಿನ ತುಟಿ ಒಳಗಿನ ಎಣ್ಣೆಯ ಕಡೆ ಮುಖ ಮಾಡಿರುತ್ತೆ. ಹೊರಗಿಂದ ಒಳಗೆ ಬರುವುದನ್ನು ಅದು ಅಷ್ಟು ಗಟ್ಟಿಯಾಗಿ ತಡೆಯುವುದಿಲ್ಲ. ಎಣ್ಣೆ ಯಾವ ಬಣ್ಣ ಇದೆ ನೋಡಿ.

ತೀರ್ಥಹಳ್ಳಿ ಲಾರಿ

ನಿನ್ನೆ ಸಂಜೆ ನೋಡಿದೆ. ಕೇಳಿ.

ಕೋಣಂದೂರಿಗೆ ಹೋಗಿ ಬಂದು, ಹೇಳಿದ ಹಾಗೆ ಪ್ಲಗ್ ಸಡಿಲ ಮಾಡಿದೆ. ಎರಡು ಸುತ್ತು ತಿರುಗಿಸಿದ್ದೆ ಅಷ್ಟೇ. ಮೊದಲು ಉಸ್, ಆಮೇಲೆ ಪುಸಪುಸ ಅಂತ ನೊರೆ, ಕೊನೆಗೆ ಮೊಣಕೈವರೆಗೆ ಎಣ್ಣೆ. ಬಣ್ಣ ಏನು ಹೇಳಲಿ, ಹಾಲು ಜಾಸ್ತಿ ಹಾಕಿದ ಕಾಫಿ ಹಾಗಿದೆ. ನಮ್ಮ ಹುಡುಗ ನೋಡಿ ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ ಬ್ರೀದರ್ ಹುಡುಕಿದೆ. ಸಿಗಲೇ ಇಲ್ಲ. ಹೌಸಿಂಗ್ ಮೇಲೆ ಗೊಬ್ಬರ, ಕೆಂಪು ಮಣ್ಣು, ಗ್ರೀಸ್ ಎಲ್ಲ ಸೇರಿ ಎರಡು ಬೆರಳು ದಪ್ಪ ಕೂತಿದೆ. ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಕೆರೆದೆ, ಡೀಸೆಲ್ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಕೊನೆಗೆ ಅಡಿಕೆ ಗಾತ್ರದ ಒಂದು ಉಂಡೆ ಸಿಕ್ಕಿತು. ಅದರೊಳಗೆ ಟೋಪಿ ಇದೆ, ಆದರೆ ಮಣ್ಣಿನಿಂದ ಕಟ್ಟಿದ್ದಲ್ಲ. ಬಣ್ಣ! ಕಪ್ಪು ಬಣ್ಣ ಪದರ ಪದರವಾಗಿ ಟೋಪಿ ಸುತ್ತ ಮೆತ್ತಿಕೊಂಡು ಬೆಸುಗೆ ಹಾಕಿದ ಹಾಗೆ ಆಗಿದೆ. ಪ್ರತಿ ಎಫ್‌ಸಿಗೂ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಗೂ, ಚಾಸಿಸ್, ಹೌಸಿಂಗ್ ಎಲ್ಲಕ್ಕೂ ಬಣ್ಣ ಹೊಡೆಸುತ್ತೇವಲ್ಲ, ಅದೇ. ಹೋದ ವರ್ಷ ಹುಡುಗರು ಜಾಸ್ತಿ ಚೆನ್ನಾಗಿ ಮಾಡಿದ್ದರು. ಲೆಕ್ಕ ಹಾಕಿದರೆ ಮೊದಲ ಸೀಲ್ ಹೋಗಿದ್ದು ಆ ಎಫ್‌ಸಿ ಆಗಿ ಎರಡು ತಿಂಗಳಿಗೆ.

ಈಗ ಬ್ರೀದರ್ ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಸಿಟ್ಟಿದ್ದೇನೆ. ಮುಂದೆ ಏನು?

ಘಾಟಿ ಡ್ರೈವರ್

ಎಫ್‌ಸಿ ಬಣ್ಣ! ಇದು ನನಗೂ ಹೊಳೆದಿರಲಿಲ್ಲ. ಎಂಟು ವರ್ಷ ದಾಟಿದ ಗಾಡಿಗೆ ವರ್ಷಾ ವರ್ಷಾ ಎಫ್‌ಸಿ, ವರ್ಷಾ ವರ್ಷಾ ಒಂದು ಕೋಟು. ನನ್ನ ಮೇಲಿನ ಮಾತು ವಾಪಸ್ ತಗೊಂಡೆ. ನಾಳೆ ನಮ್ಮ ಗಾಡಿ ಕೆಳಗೂ ಒಮ್ಮೆ ಮಲಗುತ್ತೇನೆ.

ಹಳೇ ಸ್ಪಾನರ್

ತೀರ್ಥಹಳ್ಳಿಯವರೇ, ಬ್ರೀದರ್ ನೆನೆಯಲಿ. ಸ್ವಚ್ಛ ಆದ ಮೇಲೆ ಬಾಯಿಂದ ಊದಿ ನೋಡಿ. ಸಲೀಸಾಗಿ ಗಾಳಿ ಹೋಗಬೇಕು, ಬರಬೇಕು. ಟೋಪಿ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ, ಒಂದು ಸೀಲಿನಷ್ಟೂ ಖರ್ಚಿಲ್ಲ.

ನೀರು ಸೇರಿ ಹಾಲಾದ ಎಣ್ಣೆಯಲ್ಲಿ ಒಂದು ದಿನವೂ ಓಡಿಸಬೇಡಿ. ಕ್ರೌನ್ ಹಲ್ಲಿಗೂ ಬೇರಿಂಗಿಗೂ ಅದು ವಿಷ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೇನ್ ಪ್ಲಗ್. ಎಣ್ಣೆ ಇಳಿಸಿಬಿಟ್ಟು, ಆಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದೆ ಗಾಡಿ ಅಲ್ಲೇ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಎಣ್ಣೆ ಬೆಚ್ಚಗಿದ್ದಾಗ ಇಳಿಸಿ, ರಾತ್ರಿಯಿಡೀ ತೊಟ್ಟಿಕ್ಕಲಿ. ಕಡಿಮೆ ರೇಟಿನ ಗೇರ್ ಆಯಿಲ್ ತುಂಬಿ ಖಾಲಿ ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ. ಇನ್ನೂ ಬೆಳ್ಳಗಿದ್ದರೆ ಇನ್ನೊಂದು ಸಲ. ಆಮೇಲೆ ಸರಿಯಾದ ಎಣ್ಣೆ. 90 ನಂಬರೋ 140 ನಂಬರೋ ಅನ್ನುವುದನ್ನು ಗಾಡಿ ಪುಸ್ತಕ ಹೇಳಲಿ, ಅಂಗಡಿಯವರು ಹೇಳುವುದು ಬೇಡ.

ತುಂಬುವಾಗ ಎಣ್ಣೆ ತೂತಿನ ಕೆಳ ಅಂಚಿಗೆ ಬಂದರೆ ಸಾಕು. ಗಾಡಿ ಒಂದು ಕಡೆ ಎತ್ತಿ ಇನ್ನೂ ಅರ್ಧ ಲೀಟರ್ ಇಳಿಸುವ ಜಾಣರಿದ್ದಾರೆ. ಜಾಸ್ತಿ ಎಣ್ಣೆ ನೊರೆಯಾಗಿ ಬ್ರೀದರಿನಿಂದಲೇ ಉಕ್ಕುತ್ತೆ. ಆಗ ಬ್ರೀದರ್ ಕೆಟ್ಟಿದೆ ಅಂತ ಇನ್ನೊಬ್ಬರು ಅದಕ್ಕೆ ಬೋಲ್ಟ್ ಹೊಡೆಯುತ್ತಾರೆ.

ಎರಡೂ ಕಡೆ ಆಕ್ಸಲ್ ಶಾಫ್ಟ್ ಎಳೆದು ಹಬ್ ಬಿಚ್ಚಿಸಿ. ಗೇರ್ ಆಯಿಲ್ ಹಬ್ಬಿಗೆ ಬಂದಿದ್ದರೆ ಬೇರಿಂಗ್ ಗ್ರೀಸ್ ಸಾರಿನ ಹಾಗೆ ಆಗಿರುತ್ತೆ. ತೊಳೆದು ಹೊಸ ಗ್ರೀಸ್ ತುಂಬಿ. ಸೀಲ್ ಕೂರುವ ಜಾಗಕ್ಕೆ ಉಗುರು ತಾಗಿಸಿ ನೋಡಿ. ಗೆರೆ ಸಿಕ್ಕಿದರೆ ಹೊಸ ಸೀಲೂ ಅಲ್ಲೇ ಸೋರುತ್ತೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲ್ ಹಾಕಿ ಸುಟ್ಟು ವಾಪಸ್ ಹಾಕುವವರ ಮಾತು ಕೇಳಬೇಡಿ. ಎರಡೂ ಚಕ್ರಕ್ಕೆ ಹೊಸದೇ ಹಾಕಿ. ಘಾಟಿ ಇಳಿಯುವ ಗಾಡಿ ನಿಮ್ಮದು.

ಹೊಸಬ

ಎಡಗಡೆಯೇ ಯಾಕೆ ಸೋರುತ್ತೆ? ನಮ್ಮ ಪಿಕಪ್ಪಿನದೂ ಎಡಗಡೆಯೇ.

ಹಳೇ ಸ್ಪಾನರ್

ನಮ್ಮಲ್ಲಿ ಗಾಡಿ ರಸ್ತೆಯ ಎಡಗಡೆ ಓಡುತ್ತೆ. ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ನಿಲ್ಲಿಸುವಾಗಲೂ ಎಡ ಚಕ್ರ ಮಣ್ಣಿಗೆ ಇಳಿಸುತ್ತೇವೆ. ಎಣ್ಣೆ ತಗ್ಗಿಗೆ ಹರಿಯುತ್ತೆ, ಅಲ್ವಾ?

ಮೂಡಿಗೆರೆ ಜೀಪು

ತಡವಾಗಿ ಬಂದೆ. ನಮ್ಮದು ತೋಟದ ಹಳೇ ನಾಲ್ಕು ಚಕ್ರ ಎಳೆತದ ಜೀಪು, ವಾರಕ್ಕೆ ನಾಲ್ಕು ಸಲ ಹಳ್ಳ ದಾಟುತ್ತೆ. ಟೋಪಿ ಬ್ರೀದರ್ ಸ್ವಚ್ಛ ಇದ್ದರೂ ನಮ್ಮಂಥವರಿಗೆ ಸಾಲದು. ನೀರಿನಲ್ಲಿ ಮುಳುಗಿದಾಗ ಅದು ಸ್ಟ್ರಾ ಹಾಕಿ ಕುಡಿದ ಹಾಗೆ ನೀರೆಳೆಯುತ್ತೆ. ಹೊಳೆಗೆ ಇಳಿಯುವ ಗಾಡಿಗೆ ಪೈಪ್ ಹಾಕಿ ಮೇಲಕ್ಕೆ ಒಯ್ಯುವುದೇ ದಾರಿ. ಲ್ಯಾಂಡ್ ರೋವರ್‌ನಲ್ಲೂ ಮೊದಲು ಬ್ರೀದರ್ ಆಕ್ಸಲ್ ಮೇಲೇ ಇತ್ತು, ಆಮೇಲಿನ ಡಿಫೆಂಡರುಗಳಲ್ಲಿ ಪೈಪ್ ಹಾಕಿ ಮೇಲೆ ಒಯ್ದರು.

ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ, ಅದರಿಂದ ನಿಮಗೆ ಲಾಭ ಜಾಸ್ತಿ.

ಮೊದಲ ಸಲ ಮೀನಿನ ತೊಟ್ಟಿಗೆ ಹಾಕುವ ತೆಳು ಪಾರದರ್ಶಕ ಪೈಪ್ ಹಾಕಿದೆ. ಸೈಲೆನ್ಸರ್ ಪಕ್ಕ ಹಾಯಿಸಿದ್ದೆ. ಒಂದೇ ವಾರಕ್ಕೆ ಕರಗಿ ಬಾಯಿ ಮುಚ್ಚಿಕೊಂಡಿತು. ಎರಡನೇ ಸಲ ಎಣ್ಣೆ ತಡೆಯುವ ಡೀಸೆಲ್ ಪೈಪ್, ಒಳಗಿನ ತೂತು 8 ಮಿಲಿಮೀಟರ್, ತಂದೆ. ಅದು ಸರಿ. ಆದರೆ ಉದ್ದ ಅಳೆದದ್ದು ಗಾಡಿ ನೆಲದ ಮೇಲೆ ನಿಂತಿದ್ದಾಗ. ಗುಂಡಿಗೆ ಇಳಿದಾಗ ಆಕ್ಸಲ್ ಕೆಳಗೆ ಜೋತುಬಿತ್ತು, ಪೈಪ್ ನಿಪ್ಪಲ್ಲಿನಿಂದ ಕಿತ್ತು ಬಂತು. ಅದು ಗೊತ್ತಾಗಿದ್ದು ಎಣ್ಣೆ ಹಾಲಾದ ಮೇಲೆ. ಈಗ ಚಾಸಿಸ್ಸಿಗೆ ಜಾಕ್ ಕೊಟ್ಟು, ಆಕ್ಸಲ್ ಪೂರ್ತಿ ಜೋತುಬಿದ್ದ ಮೇಲೆ ಅಳೆಯುತ್ತೇನೆ. ಬ್ರೇಕ್ ಹೋಸ್ ಎಲ್ಲಿ ಹೋಗುತ್ತೋ ಅದರ ಪಕ್ಕದಲ್ಲೇ ಒಯ್ದರೆ ಯೋಚನೆ ಇಲ್ಲ. ಕಂಪನಿಯವರು ಅದಕ್ಕೆ ಎಷ್ಟು ಸಡಿಲ ಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಆದರೆ ಬ್ರೇಕ್ ಹೋಸಿಗೆ ಬಿಗಿದು ಕಟ್ಟಬೇಡಿ, ಉಜ್ಜಿಕೊಳ್ಳಲೂ ಬಿಡಬೇಡಿ.

ಮೂರನೇ ತಪ್ಪು ಇನ್ನೂ ಮಜಾ ಇದೆ. ದಾರಿಯಲ್ಲಿ ಪೈಪ್ ಒಂದು ಕಡೆ ಜೋಲಿ ಹಾಗೆ ತಗ್ಗಿತ್ತು. ಎಣ್ಣೆ ಆವಿ ಅಲ್ಲೇ ಹನಿಯಾಗಿ ನಿಂತು ಬಾಯಿ ಕಟ್ಟಿತು. ಪೈಪ್ ಹೌಸಿಂಗಿನಿಂದ ಶುರುವಾಗಿ ಕೊನೆವರೆಗೆ ಏರುತ್ತಲೇ ಹೋಗಬೇಕು. ತುದಿಯನ್ನು ಮಾತ್ರ ಊರುಗೋಲಿನ ಹಿಡಿಯ ಹಾಗೆ ಬಗ್ಗಿಸಿ ಕೆಳಮುಖ ಮಾಡಿ.

ಹೊಸಬ

ತುದಿ ತೆರೆದೇ ಇಟ್ಟರೆ ಸಾಕಾ ಅಣ್ಣ?

ಮೂಡಿಗೆರೆ ಜೀಪು

ನಾನೂ ಸಾಕು ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಎರಡು ತಿಂಗಳು ಜೀಪು ಶೆಡ್ಡಿನಲ್ಲಿ ನಿಂತಿತ್ತು. ತೆಗೆದು ಓಡಿಸಿದರೆ ಪಿನಿಯನ್ ಸೀಲ್ ಒದ್ದೆ. ಪೈಪಿನ ಬಾಯಿ ನೋಡಿದರೆ ಕುಂಬಾರ ಹುಳ ಗೂಡು ಕಟ್ಟಿದೆ! ಮಣ್ಣು ತಂದು ಎಷ್ಟು ನೀಟಾಗಿ ಮುಚ್ಚಿತ್ತು ಅಂದರೆ, ನಮ್ಮ ಮೇಸ್ತ್ರಿ ಗೋಡೆಯನ್ನೂ ಹಾಗೆ ಸಾರಿಸುವುದಿಲ್ಲ. ಒಳಗೆ ಒಣಗಿದ ಜೇಡ ಬೇರೆ. ಈಗ ಕಂಪನಿಯ ಟೋಪಿಯನ್ನೇ ಪೈಪಿನ ತುದಿಗೆ ಹಾಕಿದ್ದೇನೆ.

ಮಿಶಿಗನ್ ಕನ್ನಡಿಗ

ಇಲ್ಲಿಯ ಕತೆ ಒಂದು ಸೇರಿಸುತ್ತೇನೆ. ನನ್ನದು ತೊಂಬತ್ತರ ದಶಕದ ಫೋರ್ಡ್ ಎಫ್-150, ಮೂರು ಕೈ ದಾಟಿ ಬಂದದ್ದು. ಹಿಂದಿನ ಆಕ್ಸಲ್ 8.8 ಇಂಚಿನದು. ಅದರಲ್ಲಿ ಬ್ರೀದರ್ ಅಂತ ಬೇರೆ ಕಾಣಿಸುವುದೇ ಇಲ್ಲ. ಬ್ರೇಕ್ ಪೈಪ್ ಎರಡು ಚಕ್ರಕ್ಕೆ ಒಡೆಯುವ ಟಿ ಜಾಯಿಂಟನ್ನು ಹೌಸಿಂಗಿಗೆ ಹಿಡಿದಿರುವ ಬೋಲ್ಟೇ ಬ್ರೀದರ್. ಬೋಲ್ಟಿನ ನಡುವೆ ಉದ್ದಕ್ಕೂ ತೂತು ಇರುತ್ತೆ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕೆಳಗಿರುವುದೆಲ್ಲ ತುಕ್ಕು. ಆ ಬೋಲ್ಟ್ ತುಂಡಾಗಿ, ಹಿಂದಿನ ಮಾಲೀಕರು ಯಾರೋ ಅದೇ ಥ್ರೆಡ್ಡಿನ ಮಾಮೂಲಿ ಬೋಲ್ಟ್ ಹಾಕಿದ್ದರು. ಟಿ ಜಾಯಿಂಟ್ ಗಟ್ಟಿ ಕೂತಿದೆ, ನೋಡಿದರೆ ಎಲ್ಲ ಸರಿ. ನಾನು ಎರಡು ಸಲ ಆಕ್ಸಲ್ ಸೀಲ್ ಬದಲಿಸಿದೆ. ಮೂರನೇ ಸಲ ಬೋಲ್ಟ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ, ಕತೆ ಅರ್ಥ ಆಯ್ತು. ಹಾಗಾಗಿ ನಿಮ್ಮ ಗಾಡಿಯಲ್ಲಿ ಬ್ರೀದರ್ ಇರಬೇಕಾದ ಜಾಗದಲ್ಲಿ ಬೋಲ್ಟ್ ಕಂಡರೆ ಬಿಚ್ಚಿ ನೋಡಿ.

ಪಕ್ಕದ ಮನೆಯವರ ಹಳೇ ಜೀಪ್ ಚೆರೋಕಿಯಲ್ಲಿ ಮುಂದಿನ ಆಕ್ಸಲ್ ಪೈಪ್ ಎಂಜಿನ್ ಪಕ್ಕದವರೆಗೆ ಹೋಗುತ್ತೆ. ವ್ಯವಸ್ಥೆ ಚೆನ್ನಾಗಿದೆ, ಆದರೆ ಮೂವತ್ತು ವರ್ಷದ ರಬ್ಬರ್ ಸೀಳುತ್ತೆ. ಮೇಲಿನ ತುದಿ ನೋಡಿ ಸಮಾಧಾನ ಪಡಬೇಡಿ, ನಿಪ್ಪಲ್ ಹತ್ತಿರ ಬಗ್ಗಿಸಿ ನೋಡಿ. ಬಿರುಕು ಅಲ್ಲೇ ಇರುತ್ತೆ.

ಘಾಟಿ ಡ್ರೈವರ್

ನಾಳೆ ಮಲಗುತ್ತೇನೆ ಅಂದಿದ್ದೆನಲ್ಲ, ಮಲಗಿದೆ. ನಮ್ಮದೂ ಕಟ್ಟಿತ್ತು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪ್ ಹಿಡಿದು ಒಂದು ಸಲ ಊದಿಸಿದೆ, ಟಪ್ ಅಂತ ತೆರೆಯಿತು. ಸುಲಭ.

ಐಟಿಐ ಮೇಷ್ಟ್ರು

ಅಯ್ಯೋ! ಬ್ರೀದರನ್ನು ಹೌಸಿಂಗಿನಿಂದ ಬಿಚ್ಚಿ ಊದಿಸಿದಿರಾ, ಅಲ್ಲೇ ಇಟ್ಟು ಊದಿಸಿದಿರಾ?

ಘಾಟಿ ಡ್ರೈವರ್

ಅಲ್ಲೇ.

ಐಟಿಐ ಮೇಷ್ಟ್ರು

ಲಾರಿ ಟೈರಿಗೆ ಹಿಡಿಯುವ ಗಾಳಿ ನೂರು ಪಿಎಸ್‌ಐ ಮೇಲಿರುತ್ತೆ. ಮೂರಕ್ಕೇ ಅಳುವ ಸೀಲಿಗೆ ನೂರು! ಟಪ್ ಅಂದದ್ದು ಕಸವೋ ಸೀಲೋ ಅಂತ ಒಂದು ವಾರ ಕೆಳಗೆ ರಟ್ಟು ಹಾಕಿ ನೋಡಿ. ಇನ್ನು ಮೇಲೆ ಬಿಚ್ಚಿ ಊದಿಸಿ. ಪೈಪ್ ಇದ್ದರೆ ಎರಡೂ ತುದಿ ಬಿಚ್ಚಿ ಊದಿಸಿ. ಕೂಡಿಸಿದ ಮೇಲೆ ಪರೀಕ್ಷೆಗೆ ಬಾಯಿಯ ಗಾಳಿ ಸಾಕು.

ಹೊಸಬ

ಮುಂದಿನ ಆಕ್ಸಲ್, ಹಿಂದಿನದು, ಗೇರ್‌ಬಾಕ್ಸ್, ಎಲ್ಲ ಪೈಪನ್ನೂ ಟಿ ಹಾಕಿ ಒಂದೇ ಕಡೆ ಸೇರಿಸಿ ಫಿಲ್ಟರ್ ಇಟ್ಟರೆ?

ಮೂಡಿಗೆರೆ ಜೀಪು

ಸೇರಿಸಬಹುದು, ಕೆಲವರು ಮಾಡುತ್ತಾರೆ. ನನಗೆ ಇಷ್ಟ ಇಲ್ಲ. ಆ ಒಂದು ಬಾಯಿ ಕಟ್ಟಿದರೆ ಎಲ್ಲವೂ ಒಟ್ಟಿಗೆ ಕಟ್ಟುತ್ತೆ. ಸಣ್ಣ ಪೆಟ್ರೋಲ್ ಫಿಲ್ಟರ್ ಹಾಕುವುದಾದರೆ ಅದು ಎಣ್ಣೆ ಕುಡಿದು ಕಪ್ಪಾದಾಗ ಬದಲಿಸುವ ನೆನಪು ಇರಬೇಕು. ಹೊರಗೆ ಮಾತ್ರ ಬಿಡುವ ವಾಲ್ವ್ ಅಂತೂ ಬೇಡ. ಕೆಲವು ಹಳೇ ಟೊಯೋಟಾ ಪಿಕಪ್‌ಗಳಲ್ಲಿ ಆಕ್ಸಲ್ ಮೇಲೆ ಅಂಥದ್ದೇ ಬರುತ್ತಿತ್ತು. ಕೆಸರು ಸೇರಿದರೆ ಅಂಟಿಕೊಳ್ಳುತ್ತೆ. ಸರಿ ಇದ್ದರೂ ತಣ್ಣಗಾದಾಗ ಗಾಳಿ ಒಳಗೆ ಬರಲು ದಾರಿ ಇಲ್ಲ. ಮೇಷ್ಟ್ರು ಹೇಳಿದ ಮುಕ್ಕಾಲು ಲೀಟರ್ ಲೆಕ್ಕ ಅಲ್ಲಿಗೇ ಬಂತು.

ತೀರ್ಥಹಳ್ಳಿ ಲಾರಿ

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮಳೆಗಾಲ ಪೂರ್ತಿ ಓಡಿಸಿದೆ. ಎಣ್ಣೆ ಎರಡು ಸಲ ತೊಳೆದು ಮೂರನೆಯದು ಉಳಿಸಿಕೊಂಡೆ. ಎಡಗಡೆ ಹಬ್ ಬೇರಿಂಗಿಗೆ ತುಕ್ಕು ಹಿಡಿದಿತ್ತು, ಅದು ಹೊಸದು. ಎರಡೂ ಕಡೆ ಲೈನರ್ ಹೊಸದು. ಪಿನಿಯನ್ ಸೀಲ್ ಬದಲಿಸಲೇ ಇಲ್ಲ, ಒರೆಸಿ ಬಿಟ್ಟೆ, ಈಗ ಒಣಗಿದೆ. ಬ್ರೀದರಿಗೆ ಡೀಸೆಲ್ ಪೈಪ್ ಹಾಕಿ ಕ್ಯಾಬಿನ್ ಹಿಂದೆ, ಚಾಸಿಸ್ಸಿಗಿಂತ ಒಂದು ಗೇಣು ಮೇಲೆ ತಂದು ತುದಿಗೆ ಟೋಪಿ ಹಾಕಿದ್ದೇನೆ. ಡ್ರಮ್ ಮೊನ್ನೆ ಬಿಚ್ಚಿದೆ, ಒಳಗೆ ಒಣ ಧೂಳು. ಇಷ್ಟು ವರ್ಷದಲ್ಲಿ ಧೂಳು ನೋಡಿ ಖುಷಿಪಟ್ಟಿದ್ದು ಇದೇ ಮೊದಲು.

ಹೊಳೆಗೆ ಇಳಿಸುವುದು ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ದಡದಲ್ಲಿ ಒಂದು ಗಂಟೆ ನಿಲ್ಲಿಸಿ ಟೀ ಕುಡಿದು, ಹೌಸಿಂಗ್ ಮೇಲೆ ಕೈ ಇಟ್ಟು ನೋಡಿ ಆಮೇಲೆ ಇಳಿಸುತ್ತೇವೆ.

ಹಳೇ ಸ್ಪಾನರ್

ಸಂತೋಷ. ಮುಂದಿನ ಎಫ್‌ಸಿ ಯಾವಾಗ?

ತೀರ್ಥಹಳ್ಳಿ ಲಾರಿ

ಹೋದ ವಾರವೇ ಆಯ್ತು ಅಣ್ಣ. ಬಣ್ಣ ಹೊಡೆಯುವ ಮೊದಲು ಟೋಪಿಗೆ ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತಿ ದಾರ ಕಟ್ಟಿದೆ. ತೆಗೆಯುವುದು ಮರೆತರೆ ಮತ್ತೆ ಅದೇ ಕತೆ, ಅಲ್ವಾ? ಅದಕ್ಕೆ ಗಾಡಿ ಕೀಲಿಯನ್ನೂ ಅದೇ ದಾರಕ್ಕೆ ಕಟ್ಟಿದ್ದೆ.